ಹಲಗೆಯ ಮೇಲೆ ಕಂಡಿದ್ದು

ಆರ್.ಟಿ. ನಗರದ ಹಿಂಬದಿ, ದಿಣ್ಣೂರು ಮೇನ್ ರೋಡು ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಗಲ್ಲಿಗಳಲ್ಲಿ ಮುಸಲ್ಮಾನ ಹೆಂಗಸು ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುತ್ತಿದ್ದದ್ದು ಫಖ್ರುನ್ನೀಸಾಗೆ. ನೆಂಟರಿಗೆಲ್ಲ ಆಮೇಲೆ. ಅವಳು ಕೈಯಲ್ಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿ, ಯಾರದೋ ಸೀರೆಗೆ ಅರ್ಧ ಹೊಲಿದ ಫಾಲನ್ನು ಹಾಗೇ ಮಡಚಿಟ್ಟು, ಬುರ್ಖಾ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಸತ್ತ ಹೆಂಗಸರಿಗೆ ಕಡೆಯ ಸ್ನಾನ ಮಾಡಿಸುವವಳು ಅವಳು. ಅದನ್ನ ಯಾರಾದರೂ ಕೆಲಸ ಅಂದರೆ ಅವಳಿಗೆ ಸಿಟ್ಟು. ಕೆಲಸ ಅಂದರೆ ಫಾಲ್ ಹೊಲಿಯೋದು, ಅದರಲ್ಲಿ ಅನ್ನ ಹುಟ್ಟುತ್ತೆ. ಇದು ಅತ್ತೆಯಿಂದ ಬಂದ ಹೊಣೆ. ಸತ್ತವರ ಮನೆಯಲ್ಲಿ ಅವಳು ಒಂದು ಲೋಟ ಟೀ ಕೂಡ ಕುಡಿದವಳಲ್ಲ.

ಅತ್ತೆ ಕಲಿಸಿದ್ದು ಇಷ್ಟು. ನೀರು ಬೆಚ್ಚಗಿರಬೇಕು, ಮೊದಲು ನಿನ್ನ ಕೆನ್ನೆಗೆ ಸೋಕಿಸಿ ನೋಡು, ಸತ್ತವರಿಗೂ ಸುಡುತ್ತೆ. ಮೈಯನ್ನು ಹಲಗೆಯ ಮೇಲೆ ಮಲಗಿಸಿ ಬಲಗಡೆಯಿಂದ ಶುರು ಮಾಡು. ಮೈಮೇಲಿನ ಚಾದರ ಸರಿಯಬಾರದು, ನಿನ್ನ ಕೈ ಮಾತ್ರ ಅದರ ಕೆಳಗೆ ಹೋಗಬೇಕು. ನೀರು ಹೊಯ್ಯುವವಳು ಚೊಂಬು ನೋಡಬೇಕು, ಮೈ ನೋಡಬಾರದು. ಕಡೆಯ ನೀರಿಗೆ ಕರ್ಪೂರ. ಇದೆಲ್ಲ ಹೇಳಿಯಾದ ಮೇಲೆ ಅತ್ತೆ ಅವಳ ಗಲ್ಲ ಹಿಡಿದೆತ್ತಿ ಹೇಳಿದ್ದು ಇನ್ನೊಂದು. ಹಲಗೆಯ ಮೇಲೆ ಏನು ಕಂಡರೂ ಹಲಗೆಯ ಮೇಲೇ ಬಿಟ್ಟು ಬಾ. ಸತ್ತವರ ಮೈಯ ಗುಟ್ಟು ಮುಚ್ಚಿದವಳ ಗುಟ್ಟನ್ನ ಮೇಲಿರುವವನು ಮುಚ್ಚುತ್ತಾನೆ.

ಮೂವತ್ತು ವರ್ಷ ಅವಳು ಮುಚ್ಚಿದಳು. ಗಂಡನಿಗೂ ತೋರಿಸದೆ ಎದೆಯಲ್ಲಿ ಗಂಟು ಬೆಳೆಸಿಕೊಂಡವಳನ್ನು ಕಂಡಳು. ತೋಳಿನ ಒಳಮಗ್ಗುಲಲ್ಲಿ ಯಾರದೋ ಹೆಸರು ಹಚ್ಚೆ ಹಾಕಿಸಿಕೊಂಡಿದ್ದವಳನ್ನು, ಮದುವೆಯಾಗದವಳ ಹೊಟ್ಟೆಯ ಮೇಲೆ ಹೆತ್ತ ಗುರುತುಗಳನ್ನು ಕಂಡಳು. ಎಲ್ಲ ಅವಳ ಜೊತೆಗೇ ಮಣ್ಣಿಗೆ ಹೋಗಬೇಕಾದ್ದು. ಒಂದೇ ಕೋಣೆಯಲ್ಲಿ ಮಲಗುವ ಮಗಳು ರುಮಾನಾಗೂ ಒಂದು ಮಾತು ಬಾಯಿಬಿಟ್ಟವಳಲ್ಲ. ಗಲ್ಲಿಯ ಹೆಂಗಸರು ಅವಳನ್ನು ಖಾಲಾ, ಚಿಕ್ಕಮ್ಮ, ಅಂತ ಕರೆದು ನಂಬಿದ್ದು ಆ ಬಾಯಿಯನ್ನೇ.

ಮಲ್ಕಾ ಬಂದದ್ದು ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೊಡಿಗೇಹಳ್ಳಿ ಕಡೆಯಿಂದ ಆಂಬುಲೆನ್ಸಿನಲ್ಲಿ. ಇಪ್ಪತ್ತಾರು ವಯಸ್ಸಿನ ಹುಡುಗಿ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು, ಬುದ್ಧಿ ನಾಲ್ಕೈದು ವರ್ಷದ ಮಗುವಿನದು. ಜೊತೆಗೆ ಆಗಾಗ ಫಿಟ್ಸು. ತಾಯಿ ಇರುವ ತನಕ ಸೆರಗಿಗೆ ಕಟ್ಟಿಕೊಂಡು ಸಾಕಿದಳು. ತಾಯಿ ಹೋದ ಮೇಲೆ ಅಣ್ಣ ನೂರುಲ್ಲಾ, ಫ್ರಿಜ್ಜು ಎಸಿ ರಿಪೇರಿ ಮಾಡುವವನು, ತಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು, ಬಾಗಿಲು ತೆಗೆದು ಬೀದಿಗೆ ಹೊರಟುಬಿಡುವ ತಂಗಿಯನ್ನು ನೋಡಿಕೊಳ್ಳಲಾಗದೆ ಇಂಥವರಿಗೆ ಅಂತಲೇ ನಡೆಸುವ ಒಂದು ಮನೆಗೆ ಸೇರಿಸಿದ್ದ. ಮೂರಂತಸ್ತಿನ ಹೊಸ ಕಟ್ಟಡ, ಗೇಟಿನ ಮೇಲೆ ಕಮಲದ ಹೂವಿನ ನಡುವೆ ಎರಡು ಕೈಗಳ ಚಿತ್ರ. ತಿಂಗಳಿಗೊಂದು ಭಾನುವಾರ ಭೇಟಿ. ಭೇಟಿಯ ದಿನ ಮಲ್ಕಾ ಯಾವಾಗಲೂ ಪೂರ್ತಿ ತೋಳಿನ ಕುರ್ತಾ ಹಾಕಿರುತ್ತಿದ್ದಳು, ತಲೆ ಬಾಚಿರುತ್ತಿತ್ತು. ಚೆನ್ನಾಗಿ ನೋಡಿಕೊಳ್ತಾರೆ ಅಂತ ಅಣ್ಣ ಅಂದುಕೊಂಡಿದ್ದ.

ಬೆಳಗಿನ ಜಾವ ಫಿಟ್ಸು ಬಂದು ಹೋಗಿಬಿಟ್ಟಳು ಅಂತ ಆ ಮನೆಯವರು ಹೇಳಿದರು. ಯಾವುದೋ ಸಣ್ಣ ಕ್ಲಿನಿಕ್ಕಿನ ಡಾಕ್ಟರು ಹಾಗೇ ಬರೆದುಕೊಟ್ಟಿದ್ದ. ಪೋಸ್ಟ್‌ಮಾರ್ಟಂ ಅಂದರೆ ಕೊಯ್ಯುತ್ತಾರೆ, ಎರಡು ದಿನ ಕಾಯಿಸುತ್ತಾರೆ ಅಂದರು. ನಮಗೆ ಅನುಮಾನ ಏನೂ ಇಲ್ಲ ಅಂತ ಬರೆದ ಕಾಗದಕ್ಕೆ ನೂರುಲ್ಲಾ ಸೈನು ಹಾಕಿ ತಂಗಿಯನ್ನು ಮನೆಗೆ ತಂದಿದ್ದ.

ಫಖ್ರುನ್ನೀಸಾ ಬಾಗಿಲಿಗೆ ಪರದೆ ಕಟ್ಟಿಸಿ ಶುರು ಮಾಡಿದಳು. ನೂರುಲ್ಲಾನ ಹೆಂಡತಿ ಚೊಂಬು ಹಿಡಿದು, ಮುಖ ಗೋಡೆ ಕಡೆ ತಿರುಗಿಸಿ, ಬಿಕ್ಕುತ್ತ ನೀರು ಹೊಯ್ಯುತ್ತಿದ್ದಳು. ನಮಾಜಿಗೆ ಮುಂಚೆ ತೊಳೆದಂತೆ ಮೊದಲು ಮುಖ ತೊಳೆದಾಯ್ತು. ಆಮೇಲೆ ಬಲಗೈ. ಚಾದರದ ಕೆಳಗಿನಿಂದ ಕೈಯನ್ನು ಈಚೆಗೆ ತಂದವಳು ಹಾಗೇ ನಿಂತಳು.

ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಒಂದು ಗುರುತು. ಹಳೆಯದು, ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು, ಎತ್ತಿನ ಹೆಗಲ ಹಾಗೆ. ಅದರ ಮೇಲೆ ಹೊಸದೊಂದು, ಇನ್ನೂ ಹಸಿ. ಎಡಗೈಯಲ್ಲೂ ಅದೇ. ಕಾಲ ಗಿಣ್ಣಿನಲ್ಲೂ ಅದೇ. ತೋಳಿನ ಹಿಂದೆ ನಾಲ್ಕು ಬೆರಳು, ಒಂದು ಹೆಬ್ಬೆರಳು, ಯಾರೋ ಇದೀಗ ಹಿಡಿದು ಬಿಟ್ಟ ಹಾಗೆ. ಉಗುರು ಶುಚಿ ಮಾಡುವುದು ಕ್ರಮ. ಅವಳು ಪೊರಕೆ ಕಡ್ಡಿಗೆ ಹತ್ತಿ ಸುತ್ತಿ ಒಂದೊಂದೇ ಉಗುರಿನ ಸಂದಿ ತೆಗೆದಳು. ಪ್ರತಿ ಸಂದಿಯಲ್ಲೂ ನೀಲಿ ನೈಲಾನ್ ಎಳೆ. ಮಾತು ಬಾರದ ಹುಡುಗಿ ಹಗ್ಗದ ಜೊತೆ ಎಷ್ಟು ಹೊತ್ತು ಜಗಳಾಡಿದ್ದಳೋ.

ಫಖ್ರುನ್ನೀಸಾ ಆ ಎಳೆಗಳನ್ನು ಹತ್ತಿಯಲ್ಲಿ ಒರೆಸಿ ಹಲಗೆಯ ಕೆಳಗೆ ಬಿಟ್ಟಳು. ನೀರು ಅವನ್ನು ಬಚ್ಚಲಿಗೆ, ಬಚ್ಚಲಿನಿಂದ ಮೋರಿಗೆ ತೆಗೆದುಕೊಂಡು ಹೋಯಿತು. ಎರಡು ಮಣಿಕಟ್ಟಿಗೂ ಕರ್ಪೂರ ಸ್ವಲ್ಪ ಜಾಸ್ತಿಯೇ ಹಚ್ಚಿ, ಮೂರು ಜಡೆ ಹೆಣೆದು, ಮೈಗೆ ಬಿಳಿ ಬಟ್ಟೆ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದಳು. ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದಳು. ಸಂಜೆಯ ನಮಾಜಿನೊಳಗೆ ಮಲ್ಕಾ ಮಣ್ಣಿನಲ್ಲಿದ್ದಳು.

ಆಮೇಲೆ ಅವಳಿಗೆ ಸೂಜಿ ಹಿಡಿಯಲಾಗಲಿಲ್ಲ. ದಾರ ಸೂಜಿಗೆ ಹೋಗುವಾಗೆಲ್ಲ ಮಲ್ಕಾಳ ಉಗುರು ಕಣ್ಣಿಗೆ ಬರುತ್ತಿತ್ತು. ನೀಲಿ ಸೀರೆ ಒಂದನ್ನು ಹೊಲಿಯದೆ ವಾಪಸು ಕಳಿಸಿದಳು.

ಅವು ಟೀವಿಯವರು ಕೈಲಾಗದವರ ಬಗ್ಗೆ ಭಾರಿ ಕಾಳಜಿ ತೋರಿಸುತ್ತಿದ್ದ ದಿನಗಳು. ಅಂಗವಿಕಲರ ಮೇಲೆ, ಮಕ್ಕಳ ಮೇಲೆ, ಮುದುಕರ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಬಿಗಿ ಮಾಡಬೇಕು ಅಂತ ಚರ್ಚೆ. ಐದು ವರ್ಷ ಸಾಲದು ಅಂದ ಒಬ್ಬ. ಹತ್ತು ಅಂದ ಇನ್ನೊಬ್ಬ. ಜಾಮೀನೇ ಕೊಡಬಾರದು ಅಂತ ಮೇಜು ಗುದ್ದಿದವನು ಮೂರನೆಯವನು. ಹರಾಜಿನಲ್ಲಿ ಕೂಗಿದ ಹಾಗೆ ವರ್ಷಗಳು ಏರುತ್ತಿದ್ದವು. ಮಾತೇ ಬಾರದ ಹುಡುಗಿಯ ಪರವಾಗಿ ಠಾಣೆಯ ಮೆಟ್ಟಿಲು ಹತ್ತುವವರು ಯಾರು ಅಂತ ಆ ನಾಲ್ಕು ಚೌಕದೊಳಗಿನ ನಾಲ್ಕು ಮುಖಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಕಾನೂನು ಎಷ್ಟು ಉದ್ದವಾದರೂ ಅದು ಶುರುವಾಗುವುದು ಯಾರೋ ಒಬ್ಬರು ಬಾಯಿ ತೆರೆದ ಮೇಲೆ. ಆ ಬಾಯಿಗೆ ಎಂಥ ಗತಿ ಕಾದಿದೆ ಅನ್ನುವುದು ಚರ್ಚೆಯ ವಿಷಯ ಆಗಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ, ರುಮಾನಾ ಸಂಜಯನಗರದ ಮೆಡಿಕಲ್ ಸ್ಟೋರಿನ ಕೆಲಸಕ್ಕೆ ಹೋದ ಮೇಲೆ, ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲಿ ಖರ್ಜೂರದ ಡಬ್ಬಿ. ಮಲ್ಕಾ ಇದ್ದ ಮನೆಯ ಮ್ಯಾನೇಜರ್ ಅಂತ ಹೇಳಿಕೊಂಡ. ಚಪ್ಪಲಿ ಹೊರಗೇ ಬಿಟ್ಟು, ಕೂರಿ ಅನ್ನಿಸಿಕೊಂಡು ಕೂತ. ಅಂಥ ಮರ್ಯಾದಸ್ಥನನ್ನು ಕಂಡರೆ ಹೆದರಬೇಕು ಅಂತ ಅವಳಿಗೆ ಆವಾಗ ಗೊತ್ತಿರಲಿಲ್ಲ.

ಅವನು ಮೊದಲು ಮಲ್ಕಾ ಬಗ್ಗೆ ಮರುಗಿದ. ತಾವು ಕೆಲಸ ಬಿಡಿಸಿದ ಆಯಾ ಒಬ್ಬಳು ಏನೇನೋ ಸುಳ್ಳು ದೂರು ಕೊಟ್ಟಿದ್ದಾಳೆ, ಪೊಲೀಸರು ಇಲ್ಲಿಗೂ ಬರಬಹುದು ಅಂತ ಹೇಳಿದ. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ.

"ಈಗ ಕಾನೂನು ಮುಂಚಿನ ಥರ ಇಲ್ಲಮ್ಮಾ. ಇಂಥ ಮಕ್ಕಳ ಮೇಲೆ ಕೈ ಮಾಡಿದ್ರೆ ಬಿಡಲ್ಲ. ಒಳ್ಳೇದೇ ಅನ್ನಿ, ನಾನೂ ಸ್ಟೇಟಸ್ ಹಾಕ್ಕೊಂಡಿದ್ದೆ. ಆದ್ರೆ ಕೈ ಮಾಡಿದವರಿಗೆ ಮಾತ್ರ ಅಲ್ಲ ನೋಡಿ. ಗುರುತು ಅಳಿಸಿದವರಿಗೂ ಇದೆ. ಏಳು ವರ್ಷದ ತನಕ. ಮೈ ಮೇಲೆ ಏನೋ ಇತ್ತು ಅಂತ ಯಾರಾದ್ರೂ ಅಂದ್ರು ಅಂತಿಟ್ಕೊಳ್ಳಿ. ಪೊಲೀಸರ ಮೊದಲನೇ ಪ್ರಶ್ನೆ ಏನು ಹೇಳಿ? ತೊಳ್ದಿದ್ದು ಯಾರು ಅಂತ."

ಫಖ್ರುನ್ನೀಸಾ ತನ್ನ ಕೈಗಳನ್ನು ದುಪಟ್ಟಾದ ಒಳಗೆ ಎಳೆದುಕೊಂಡಳು. ಅವನು ಅದನ್ನು ನೋಡಿದ. ಎದ್ದು, ಡಬ್ಬಿಯನ್ನು ಹೊಲಿಗೆಯ ಬುಟ್ಟಿಯ ಪಕ್ಕದಲ್ಲಿಟ್ಟು, ನಿಮ್ಮ ಮಗಳು ಕೆಲಸ ಮಾಡೋ ಅಂಗಡಿ ನಮ್ಮವರದ್ದೇ ಏರಿಯಾ, ಒಳ್ಳೇ ಹುಡುಗಿ ಅಂದು, ಬಗ್ಗಿ ನಮಸ್ಕಾರ ಮಾಡಿ ಹೋದ.

ಬಲವಿಲ್ಲದವರನ್ನು ಕಾಯಲು ಮಸೆದ ಕತ್ತಿಯನ್ನು ಅವನು ಎಷ್ಟು ಸುಲಭವಾಗಿ ಎತ್ತಿಕೊಂಡು ಬಂದು ಒಬ್ಬ ಬಡ ಹೆಂಗಸಿನ ಕುತ್ತಿಗೆಗೆ ಇಟ್ಟ. ಕಾನೂನು ಬರೆಯುವವರು ಇಂಥ ಮನೆಯ ಚಾಪೆಯ ಮೇಲೆ ಒಂದು ಗಂಟೆ ಕೂತು ನೋಡಬೇಕು.

ಅವತ್ತಿನಿಂದ ಅವಳು ಗಲ್ಲಿಯಲ್ಲಿ ಬೈಕ್ ನಿಂತ ಸದ್ದಾದರೆ ಎದ್ದು ಕಿಟಕಿ ಹಾಕುತ್ತಿದ್ದಳು. ರುಮಾನಾ ಅರ್ಧ ಗಂಟೆ ತಡವಾದರೆ ಮೇನ್ ರೋಡಿನ ತನಕ ಹೋಗಿ ನಿಲ್ಲುತ್ತಿದ್ದಳು. ಮಗಳು ಒತ್ತಾಯ ಮಾಡಿ ಕೇಳಿದ ಮೇಲೆ, ಜೀವನದಲ್ಲಿ ಮೊದಲ ಸಲ, ಹಲಗೆಯ ಮೇಲೆ ಕಂಡದ್ದನ್ನು ಬಾಯಿಬಿಟ್ಟಳು. ರುಮಾನಾ ಸುಮಾರು ಹೊತ್ತು ಫೋನಿನಲ್ಲಿ ಏನೇನೋ ಓದಿದಳು. ಓದುತ್ತ ಓದುತ್ತ ಅವಳ ಮುಖ ಸಣ್ಣದಾಯಿತು. ಆ ಮನುಷ್ಯ ಪೂರ್ತಿ ಸುಳ್ಳು ಹೇಳಿರಲಿಲ್ಲ. ಗೊತ್ತಿದ್ದೂ ಗುರುತು ಅಳಿಸಿದರೆ ಅದೂ ಅಪರಾಧವೇ.

"ಅಮ್ಮೀ, ನೀನು ಏನೂ ನೋಡಿಲ್ಲ. ಮೈ ಮೇಲೆ ಚಾದರ ಇತ್ತು, ಕಣ್ಣು ಮಂಜು, ಅಷ್ಟೇ."

ಹನ್ನೆರಡನೇ ದಿನ ಪೊಲೀಸರು ಬಂದೇ ಬಂದರು. ಸಬ್ ಇನ್ಸ್‌ಪೆಕ್ಟರ್ ಸರಳಾ, ಜೊತೆಗೊಬ್ಬ ಕಾನ್‌ಸ್ಟೇಬಲ್. ಸರಳಾ ಗದರುವ ಹೆಂಗಸಲ್ಲ. ನೆಲದ ಮೇಲೇ ಕೂತು ಕೇಳಿದಳು, ತೊಳೆಯುವಾಗ ಮೈ ಮೇಲೆ ಏನಾದರೂ ಕಂಡಿತಾ ಅಂತ. ಫಖ್ರುನ್ನೀಸಾ ಮಗಳು ಹೇಳಿಕೊಟ್ಟಂತೆಯೇ ಹೇಳಿದಳು. ಚಾದರ ಇತ್ತು ಮೇಡಂ, ನನಗೆ ಕಣ್ಣು ಅಷ್ಟು ಕಾಣಲ್ಲ. ಸರಳಾ ಅವಳ ಪಕ್ಕದಲ್ಲಿದ್ದ ಸೀರೆಯನ್ನು, ಅದರಂಚಿನ ಇರುವೆ ಸಾಲಿನಂಥ ಹೊಲಿಗೆಯನ್ನು ನೋಡಿದಳು. ಫೋನ್ ನಂಬರು ಬರೆದಿಟ್ಟು ಹೋದಳು. ಪೊಲೀಸರ ಮುಂದೆ ಸುಳ್ಳು ಹೇಳಿದ್ದೂ ಈಗ ತಪ್ಪುಗಳ ಪಟ್ಟಿಗೆ ಸೇರಿತು ಅಂದುಕೊಂಡು ಫಖ್ರುನ್ನೀಸಾ ಬಾಗಿಲು ಹಾಕಿ, ಅಗುಳಿ ಹಾಕಿ, ಮತ್ತೊಂದು ಸಲ ಎಳೆದು ನೋಡಿದಳು.

ನೂರುಲ್ಲಾ ಮಾರನೇ ದಿನ ಬಂದ. ಗಡ್ಡ ಬೆಳೆದಿತ್ತು. ಅವನನ್ನೂ ಠಾಣೆಗೆ ಕರೆಸಿ ಮೂರು ಗಂಟೆ ಕೂರಿಸಿದ್ದರಂತೆ. ಅನುಮಾನ ಇಲ್ಲ ಅಂತ ಸೈನು ಹಾಕಿದವನು ನೀನೇ ಅಲ್ಲವಾ ಅಂತ ಕೇಳಿದರಂತೆ. ಅವನು ಖಾಲಾಳ ಕಾಲು ಹಿಡಿಯಲು ಬಂದ. ಏನು ಕಂಡಿದ್ದರೂ ನನಗೆ ಹೇಳಬೇಡಿ, ನನಗೆ ಗೊತ್ತಾಗೋದು ಬೇಡ, ಇನ್ನು ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡ. ಅವನ ಹೆದರಿಕೆ ಜೈಲಿನದು ಮಾತ್ರ ಅಲ್ಲ ಅಂತ ಅವಳಿಗೆ ಕಂಡಿತು. ತಿಂಗಳಿಗೊಮ್ಮೆ ನೋಡಿದ ಪೂರ್ತಿ ತೋಳಿನ ಕುರ್ತಾ ಅವನ ಕಣ್ಣ ಮುಂದೆಯೂ ಇದ್ದಿರಬೇಕು.

ಹೇಳಲ್ಲ ಬೇಟಾ ಅಂದಳು. ಹೇಳಬಾರದು ಅಂತಲೇ ಇದ್ದಳು, ಗೋಪಾಲಮ್ಮ ಬರುವ ತನಕ.

ಗೋಪಾಲಮ್ಮ ಬಂದದ್ದು ಮಟಮಟ ಮಧ್ಯಾಹ್ನ. ಐವತ್ತರ ಆಸುಪಾಸಿನ ಬಡಕಲು ಹೆಂಗಸು, ಕೊಡಿಗೇಹಳ್ಳಿಯ ಹಳೇ ಊರಿನವಳು. ಅಪ್ಪನ ಹೊಲ ಇದ್ದ ಜಾಗದಲ್ಲೇ ಎದ್ದ ಕಟ್ಟಡದಲ್ಲಿ ಆಯಾ ಆಗಿದ್ದಳು. ದೂರು ಕೊಟ್ಟವಳು ಅವಳೇ. ಒಳಗೆ ಕರೆದರೂ ಬರದೆ ಹೊಸ್ತಿಲ ಮೇಲೇ ಕೂತಳು. ನೀರು ಕೊಟ್ಟರೆ ಚೊಂಬು ಕೈಯಲ್ಲಿ ಹಿಡಿದು ಕುಡಿಯದೆ ಕೂತಳು.

"ನಾನೇ ಕಟ್ಟಿವ್ನಿ ಅಕ್ಕಾ," ಅಂದಳು. "ನಿಂತಾವ ಸುಳ್ಳೇಳಲ್ಲ. ಅನ್ನೆರಡು ಜನಕ್ಕೆ ನಾನೊಬ್ಳು. ಆ ಮಗು ಎದ್ದು ಎದ್ದು ಬಾಗ್ಲು ಬಡೀತಿತ್ತು. ಕಟ್ಟು ಅಂದ ಮ್ಯಾನೇಜ್ರು, ಕಟ್ದೆ. ಮೊದ್ಲು ಸೀರೆ ತುಂಡಲ್ಲಿ. ಅದು ಬಿಚ್ಕೊಳ್ಳೋದು ಕಲ್ತ್ಕೊಂಡ್ ಮ್ಯಾಲೆ ಅವ್ನೇ ಅಗ್ಗ ತಂದ. ಅವತ್ತು ಫಿಟ್ಸು ಬಂದಾಗ ಕೈಕಾಲು ಎಲ್ಲಾ ಮಂಚಕ್ಕೇ ಇದ್ವು. ಬಿಚ್ಚೋಕೋದ್ರೆ ಮ್ಯಾನೇಜ್ರು ನನ್ ಕೈ ತಿರುಚಿ ಆಚೆಗ್ ತಳ್ದ, ನಾಟಕ ಆಡ್ತಾಳೆ ಬಿಡು ಅಂದ."

ಇದನ್ನೆಲ್ಲ ಪೊಲೀಸರಿಗೂ ಹೇಳಿದ್ದೀಯಾ ಅಂತ ಫಖ್ರುನ್ನೀಸಾ ಕೇಳಿದಳು. ನೀನೇ ಕಟ್ಟಿದ್ದು ಅನ್ನೋದನ್ನೂ?

"ಏಳಿವ್ನಿ. ನಂಗಾಗೋದು ಆಗ್ಲಿ. ಆದ್ರೆ ನನ್ ಮಾತು ಯಾರ್ ಕೇಳ್ತಾರೆ. ಕದ್ಲು ಅಂತ ಬಿಡ್ಸಿದೀವಿ, ಅದ್ಕೇ ಅಗೆ ತೀರುಸ್ಕೊತಾವ್ಳೆ ಅಂತವ್ನೆ ಅವ್ನು. ಆ ಮೇಡಮ್ಮು ಇನ್ನೊಬ್ರು ಏಳ್ಬೇಕು ಅಂದ್ರು. ಮೈ ನೋಡಿದೋರು ನೀನೊಬ್ಳೇ ಅಲ್ವಾ."

ಗೋಪಾಲಮ್ಮ ಆಮೇಲೆ ಹೇಳಿದ್ದು ತಗ್ಗಿದ ದನಿಯಲ್ಲಿ. ಒಳಗೆ ಇನ್ನೂ ಹನ್ನೊಂದು ಜನ ಇದ್ದಾರೆ. ಮಲ್ಕಾ ಮಲಗುತ್ತಿದ್ದ ಮಂಚಕ್ಕೆ, ತಾನು ಕೆಲಸ ಬಿಡುವ ಮುಂಚೆಯೇ, ಅವರಲ್ಲೇ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಹಾಕಿದ್ದಾರೆ. ಅವಳಿಗೆ ಒಂದೇ ಒಂದು ಮಾತು ಬರುತ್ತೆ, ಅದು ಅವಳ ನಾಯಿಯ ಹೆಸರು. ಹಗ್ಗ ಬದಲಾಗಿಲ್ಲ.

ಚೊಂಬಿನ ನೀರು ಹಾಗೇ ಇಟ್ಟು ಗೋಪಾಲಮ್ಮ ಎದ್ದು ಹೋದಳು. ಫಖ್ರುನ್ನೀಸಾ ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದಳು. ಅತ್ತೆಯ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸತ್ತವರ ಮೈಯ ಗುಟ್ಟು ಮುಚ್ಚು ಅಂದಿದ್ದರು ಅತ್ತೆ. ಗಂಟು ಇತ್ತು, ಅದು ಆ ಹೆಂಗಸಿನ ಗುಟ್ಟು. ಹಚ್ಚೆ ಇತ್ತು, ಅದು ಅವಳ ಗುಟ್ಟು. ಆದರೆ ಮಲ್ಕಾಳ ಕೈ ಮೇಲಿದ್ದದ್ದು ಮಲ್ಕಾಳದ್ದು ಹೇಗಾದೀತು? ಅದು ಬೇರೆ ಯಾರದೋ ಕೈ ಅಲ್ಲಿ ಬಿಟ್ಟುಹೋದದ್ದು. ಮಲ್ಕಾಳ ಗುಟ್ಟು ಅಂದುಕೊಂಡು ತಾನು ಕರ್ಪೂರ ಹಚ್ಚಿ, ಬಿಳಿ ಬಟ್ಟೆ ಸುತ್ತಿ ಮುಚ್ಚಿದ್ದು ಆ ಮ್ಯಾನೇಜರ್‌ನ ಗುಟ್ಟು. ಅದು ತಿಳಿದಾಗ ಅವಳಿಗೆ ಧೈರ್ಯ ಬರಲಿಲ್ಲ. ಹೆದರಿಕೆ ದುಪ್ಪಟ್ಟಾಯಿತು. ಇಷ್ಟು ದಿನ ಪೊಲೀಸರಿಗೆ ಹೆದರುತ್ತಿದ್ದವಳು ಈಗ ಮಲ್ಕಾಗೂ ಹೆದರಿದಳು.

ಸರಳಾಗೆ ಫೋನ್ ಮಾಡಿದವಳು ರುಮಾನಾ. ತಾಯಿ ನಂಬರು ಒತ್ತಲು ಮೂರು ಸಲ ನೋಡಿ ಮೂರು ಸಲವೂ ತಪ್ಪು ಒತ್ತಿದ ಮೇಲೆ, ಫೋನ್ ಕಿತ್ತುಕೊಂಡು ಅವಳೇ ಮಾಡಿದಳು.

ನ್ಯಾಯಾಧೀಶರ ಮುಂದೆಯೇ ಹೇಳಿಕೆ ಕೊಡಬೇಕು, ಆಗ ಅದಕ್ಕೆ ತೂಕ ಅಂದಳು ಸರಳಾ. ಕೋರ್ಟಿನ ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಎದುರಿನ ಗೋಡೆಗೆ ಒರಗಿಕೊಂಡು ಮ್ಯಾನೇಜರ್ ನಿಂತಿದ್ದ, ಪಕ್ಕದಲ್ಲಿ ಕರಿಕೋಟಿನವನೊಬ್ಬ. ಇವಳನ್ನು ನೋಡಿ ಅವತ್ತಿನ ಹಾಗೇ ಬಗ್ಗಿ ನಮಸ್ಕಾರ ಮಾಡಿದ. ನಾನು ಒಳಗೆ ಬರೋ ಹಾಗಿಲ್ಲ, ನೀವೊಬ್ಬರೇ ಹೋಗಬೇಕು ಅಂದಳು ಸರಳಾ. ಫಖ್ರುನ್ನೀಸಾ ಮಗಳ ಭುಜ ಹಿಡಿದು ಎದ್ದು, ಆಮೇಲೆ ಗೋಡೆ ಹಿಡಿದು ಒಳಗೆ ಹೋದಳು.

ನ್ಯಾಯಾಧೀಶೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಹೆಸರು, ವಯಸ್ಸು. ಆಮೇಲೆ, ಯಾರಾದರೂ ಹೆದರಿಸಿ ಕರೆತಂದಿದ್ದಾರಾ ಅಂತ ಕೇಳಿದರು. ಹೆದರಿಸಿದವರು ಹೊರಗಿದ್ದಾರೆ, ಅವರು ಬರಬೇಡ ಅಂತ ಹೆದರಿಸಿದ್ದು ಅಂದಳು. ಟೈಪ್ ಮಾಡುತ್ತಿದ್ದವನ ಕೈ ಒಂದು ಕ್ಷಣ ನಿಂತಿತು.

ಕಂಡದ್ದನ್ನೆಲ್ಲ ಹೇಳಿದಳು, ತನ್ನ ಕೈಯನ್ನೇ ಎತ್ತಿ, ಎಲ್ಲಿಂದ ಎಲ್ಲಿಗೆ ಅಂತ ಬೆರಳಿನಿಂದ ಸುತ್ತಿ ತೋರಿಸಿ. ಪೊಲೀಸರಿಗೆ ಯಾಕೆ ಬೇರೆ ಥರ ಹೇಳಿದಿರಿ ಅಂತ ಪ್ರಶ್ನೆ ಬಂತು.

"ಹೆದರಿಕೆ ಆಗಿತ್ತು ಅಮ್ಮಾ. ಈಗ್ಲೂ ಆಗ್ತಿದೆ. ಉಗುರೊಳಗಿನ ದಾರ ನಾನೇ ತೆಗ್ದು ನೀರಿಗೆ ಬಿಟ್ಟೆ. ಅದಕ್ಕೆ ಜೈಲಿದ್ರೆ ಅದನ್ನೂ ಬರ್ಕೊಳ್ಳಿ. ಆದ್ರೆ ಮೊದ್ಲು ಆ ಮಗು ಕೈ ವಿಷಯ ಬರ್ಕೊಳ್ಳಿ, ಆಮೇಲೆ ನನ್ನದು."

ಓದಿ ಹೇಳಿದ್ದನ್ನು ಕೇಳಿ ಹೆಬ್ಬೆಟ್ಟು ಒತ್ತಿದಳು. ತನ್ನನ್ನ ಏನು ಮಾಡ್ತಾರೆ ಅಂತ ಯಾರೂ ಹೇಳಲಿಲ್ಲ. ಸಾಕ್ಷಿಯೋ ಆರೋಪಿಯೋ ಅನ್ನುವುದು ಚಾರ್ಜ್‌ಶೀಟ್ ಹಾಕುವಾಗ ಗೊತ್ತಾಗುತ್ತೆ ಅಂದಳು ಸರಳಾ. ಬೇಕು ಅಂತ ಮುಚ್ಚಿದ್ದಲ್ಲ ಅಂತ ನಾನು ಬರೀತೀನಿ, ಉಳಿದದ್ದು ನನ್ನ ಕೈಲಿಲ್ಲ ಅಂತಲೂ ಅಂದಳು. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೇ ಫಖ್ರುನ್ನೀಸಾಗೆ ಇನ್ನಷ್ಟು ಭಯವಾಯಿತು.

ಗೋರಿ ತೆಗೆಯುವ ಆದೇಶ ಬಂದಾಗ ಅವಳು ಒಂದೇ ಒಂದು ಬೇಡಿಕೆ ಇಟ್ಟಳು. ಬಟ್ಟೆ ಬಿಡಿಸುವುದಾದರೆ ನಾನೇ ಬಿಡಿಸುತ್ತೇನೆ, ಗಂಡಸರು ಆಚೆ ಇರಲಿ. ಮಣ್ಣು ಮಾಡಿ ಇಪ್ಪತ್ತಾರು ದಿನವಾಗಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಖಬರಸ್ತಾನದಲ್ಲಿ ಹಸಿರು ಬಲೆಬಟ್ಟೆ ಸುತ್ತ ಕಟ್ಟಿದ್ದರು. ತಹಶೀಲ್ದಾರರು ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಒಳಗೆ ಲೇಡಿ ಡಾಕ್ಟರು, ಅವರ ಸಹಾಯಕಿ, ಇವಳು. ಅದನ್ನು ವಿವರಿಸುವುದು ಬೇಡ. ಮಲ್ಕಾಳನ್ನು ಎರಡನೇ ಸಲ ಮುಟ್ಟಿದಾಗ ಫಖ್ರುನ್ನೀಸಾ ಮಾಫ್ ಕರ್ ಬೇಟೀ, ಕ್ಷಮಿಸು ಮಗಳೇ, ಅಂತ ಬಾಯೊಳಗೇ ಹೇಳುತ್ತಿದ್ದಳು, ಅದು ನಿಲ್ಲಲೇ ಇಲ್ಲ. ಡಾಕ್ಟರು ಅವಳು ತೋರಿಸಿದ ಕಡೆ ನೋಡಿದರು, ಫೋಟೋ ತೆಗೆದರು, ಸಣ್ಣ ಸೀಸೆಗಳಿಗೆ ಏನೇನೋ ತುಂಬಿದರು. ಗುರುತು ಇನ್ನೂ ಇದೆಯಾ ಅಂತ ಕೇಳಿದರೆ ರಿಪೋರ್ಟ್ ಬರಲಿ ಅಂದರು.

ಹೊರಗೆ ಬೇವಿನ ಮರದ ಕೆಳಗೆ ನೂರುಲ್ಲಾ ನಿಂತಿದ್ದ. ಇವಳು ಹತ್ತಿರ ಹೋದಾಗ ಮುಖ ನೋಡದೆ ಹೇಳಿದ.

"ನನ್ನ ತಂಗಿಗೆ ಎರಡು ಸಲ ಮಣ್ಣು ಹಾಕಿಸಿದ್ರಿ ಖಾಲಾ."

ಅದಾದ ವಾರದಲ್ಲಿ ಆ ಮನೆಗೆ ಬೀಗ ಬಿತ್ತು. ಹನ್ನೊಂದು ಜನರನ್ನು ವ್ಯಾನಿನಲ್ಲಿ ಬೇರೆ ಕಡೆಗೆ ಕರೆದುಕೊಂಡು ಹೋದರು. ಕೈ ಹಿಡಿದು ಹತ್ತಿಸಲು ಹೋದವರನ್ನು ಕಂಡು ಅವರಲ್ಲಿ ಆರು ಮಂದಿ ಮಣಿಕಟ್ಟನ್ನು ಎದೆಗೆ ಅವಚಿಕೊಂಡು ಕೂತುಬಿಟ್ಟರಂತೆ, ಗೋಪಾಲಮ್ಮ ಫೋನಿನಲ್ಲಿ ಹೇಳಿದಳು. ಮ್ಯಾನೇಜರನ್ನು ಹಿಡಿದರು. ಗೋಪಾಲಮ್ಮನ ಮೇಲೂ ಕೇಸಾಯಿತು. ಜಾಮೀನಿನ ಮೇಲೆ ಅವನು ಬಂದಾನು, ಬಂದರೆ ಮೊದಲು ಎಲ್ಲಿಗೆ ಬಂದಾನು ಅನ್ನುವುದು ರುಮಾನಾಳ ಲೆಕ್ಕ. ಅವಳು ಸಂಜಯನಗರದ ಕೆಲಸ ಬಿಟ್ಟು ಯಲಹಂಕದಲ್ಲಿ ಬೇರೆ ಅಂಗಡಿ ಹುಡುಕಿಕೊಂಡಳು. ಟೀವಿಯಲ್ಲಿ ಎರಡು ದಿನ ಆ ಗೇಟು, ಆ ಕಮಲದ ಹೂವು ತೋರಿಸಿದರು. ಶಿಕ್ಷೆ ಇನ್ನೂ ಬಿಗಿ ಆಗಬೇಕು ಅಂದರು. ಮೂರನೇ ದಿನ ಬೇರೆ ಯಾವುದೋ ಬಂತು.

ಚಾರ್ಜ್‌ಶೀಟಿಗೆ ಮುಂಚೆಯೇ ಫಖ್ರುನ್ನೀಸಾಗೆ ಬಂದದ್ದು ಬೇರೆ ಥರದ ಶಿಕ್ಷೆ, ಯಾವ ಪುಸ್ತಕದಲ್ಲೂ ಬರೆಯದ್ದು. ಅವಳ ಫೋನು ಸುಮ್ಮನಾಯಿತು. ಎರಡು ತಿಂಗಳಲ್ಲಿ ಗಲ್ಲಿಯಲ್ಲಿ ನಾಲ್ಕು ಹೆಂಗಸರು ತೀರಿಕೊಂಡರು. ನಾಲ್ಕಕ್ಕೂ ಬೇರೆ ಕಡೆಯಿಂದ ಯಾರನ್ನೋ ಕರೆಸಿದರು. ಪಕ್ಕದ ಮನೆಯ ಸಾವಿಗೂ. ಪರದೆ ಕಟ್ಟಿದ ಬಾಗಿಲ ಮುಂದೆ ಇವಳು ಹೋಗಿ ನಿಂತರೆ ಹೆಂಗಸರು ಮಾತು ನಿಲ್ಲಿಸಿ, ನಿಮಗೆ ಮೊಣಕಾಲು ನೋವಲ್ಲವಾ, ಕೂತ್ಕೊಳ್ಳಿ ಅಂದರು. ನಾಳೆ ನಮ್ಮ ಮನೆಯ ಮೈಯನ್ನೂ ಕೋರ್ಟಿನಲ್ಲಿ ಹೇಳಿಯಾಳು ಅಂತ ಒಬ್ಬಳು ಅಂದದ್ದು ಕಿವಿಗೆ ಬಿತ್ತು. ಬಾಯಿ ಬಿಟ್ಟವಳು ಅನ್ನುವುದು ಅವಳ ಹೆಸರಾಯಿತು. ಸೀರೆಗಳೂ ಕಡಿಮೆಯಾದವು.

ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದು ಗಲ್ಲಿ ಖಾಲಿಯಾಗಿದ್ದಾಗ, ಮೂರನೇ ಮನೆಯ ರೆಹಾನಾ ಬೀ ಬಂದಳು. ಎಪ್ಪತ್ತೆಂಟು ವರ್ಷದ ಮುದುಕಿ. ಮಗ ಸೊಸೆಯ ಜೊತೆ ಮಹಡಿಯ ಮೇಲಿದ್ದಾಳೆ, ಕೆಳಗಿಳಿದದ್ದನ್ನು ಯಾರೂ ಈಚೆಗೆ ನೋಡಿರಲಿಲ್ಲ. ಕೈಯಲ್ಲಿ ಒಂದು ಹರಿದ ಕುರ್ತಾ. ಹೊಲಿದುಕೊಡು ಅಂತ ಮುಂದೆ ಹಿಡಿದಳು. ಹರಿದದ್ದು ತೋಳಿನ ಹತ್ತಿರ, ಯಾರೋ ಹಿಡಿದು ಎಳೆದ ಹಾಗೆ. ಫಖ್ರುನ್ನೀಸಾ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಮುದುಕಿ ಹತ್ತಿರ ಸರಿದಳು.

"ನಾನು ಹೋದಾಗ ಯಾರನ್ನೋ ಕರೆಸ್ತಾರೆ. ಬೇಡ. ನೀನೇ ಬರಬೇಕು. ನೀನೇ ತೊಳೀಬೇಕು ಅಂತ ನಾನು ಬರೆಸಿ ಇಟ್ಟಿರ್ತೀನಿ. ಚೆನ್ನಾಗಿ ನೋಡಿ ತೊಳಿ."

ಫಖ್ರುನ್ನೀಸಾಳ ಕೈ ಅಲ್ಲೇ ನಿಂತಿತು. ಮತ್ತೆ ಠಾಣೆ, ಮತ್ತೆ ಆ ಬೆಂಚು, ಮತ್ತೆ ಬೈಕಿನ ಸದ್ದು. ಸರಿ ಬೀ ಅಂದು, ಕುರ್ತಾ ಹೊಲಿದು ಕಳಿಸಿಬಿಡಬಹುದಿತ್ತು. ಅವಳು ಎದ್ದು ಬಾಗಿಲ ಅಗುಳಿ ಹಾಕಿ ಬಂದು ಕೂತಳು.

"ಸಾಯೋ ತನಕ ಯಾಕೆ ಬೀ," ಅಂದಳು. "ಈಗ್ಲೇ ತೋರಿಸಿ."

ರೆಹಾನಾ ಬೀ ಹೊರಗೆ, ಗಲ್ಲಿಯ ಕಡೆ, ಕಿವಿಗೊಟ್ಟಳು. ಯಾರೋ ಓಡಾಡಿದ ಸದ್ದು. ಅದು ನಿಂತ ಮೇಲೆ ತೊಟ್ಟಿದ್ದ ಕುರ್ತಾದ ತೋಳು ಮೇಲೆ ಸರಿಸತೊಡಗಿದಳು.